ಒಂದು ಮಾತು ಅನ್ರಿ, ಆಮ್ಯಾಲ ಕೊಡ್ರಿ

"ಬಾಂಡೇದಾಕಿ ಬುಟ್ಟಿ ಬಿಟ್ಟಾಳಂತ ನೋಡು," ಎಂದು ಶಹಾಬಾದಿನಿಂದ ಅವ್ವ ಫೋನ್ ಮಾಡಿದಾಗ ನಾನು ಚಿತ್ತಾಪುರದ ನಮ್ಮ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತಿದ್ದೆ. ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ಬಿತ್ತು.

"ಬಿಟ್ಟಾಳೋ, ಇಳಸ್ಯಾಳೋ? ಬರೋಬ್ಬರಿ ಹೇಳು," ಎಂದೆ.

"ಎರಡೂ ಒಂದೇ ಅಲ್ಲೇನು?" ಅವ್ವ ರೇಗಿದಳು.

ಎರಡೂ ಒಂದೇ ಅಲ್ಲ! ಅಲ್ಲ ಅಂತ ನನಗೆ ಕಲಿಸಿದವಳೇ ಆ ಬಾಂಡೇದಾಕಿ. ಪ್ರಿನ್ಸಿಪಾಲರಿಗೆ ಏನೋ ಒಂದು ನೆಪ ಹೇಳಿ ವಾಡಿಯ ಗಾಡಿ ಹಿಡಿಯಲು ಓಡಿದೆ. ನಾನು ಮೊದಲಿನಿಂದಲೂ ಸ್ವಲ್ಪ ಅವಸರದವಳು, ಬಾಂಡೇದಾಕಿಯ ಮಾತು ಬಂದರಂತೂ ಕೇಳಲೇಬೇಡಿ.

ನಮ್ಮ ಕಡೆ ಪಾತ್ರೆಗೆ ಬಾಂಡೆ ಅನ್ನುತ್ತೇವೆ, ಬಟ್ಟೆಗೆ ಅರಿಬಿ. ಮನೆಮನೆಗೆ ಬಂದು ಹಳೇ ಅರಿಬಿ ತೆಗೆದುಕೊಂಡು ಹೊಸ ಸ್ಟೀಲಿನ ಬಾಂಡೆ ಕೊಡುವವಳು ಬಾಂಡೇದಾಕಿ. ಅವಳ ಹೆಸರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಹೆಸರ ತಗೊಂಡ ಏನ ಮಾಡ್ತಿ? ಅದಕ್ಕೇನ ಬಾಂಡೆ ಕೊಡ್ತಿ?" ಎಂದು ನಕ್ಕಿದ್ದಳು. ವಾಡಿಯಲ್ಲಿ ಮನೆ. ಸೋಮವಾರ ಶಹಾಬಾದ, ಮಂಗಳವಾರ ಚಿತ್ತಾಪುರ, ದಂಡೋತಿ. ಬುಧವಾರ ಮನೆಯಲ್ಲೇ ಕೂತು ಗಂಟು ಬಿಚ್ಚಿ ವಿಂಗಡಿಸುವುದು: ಗಟ್ಟಿ ಅರಿಬಿ ಸಂತೆಗೆ, ಚಿಂದಿ ರಾವೂರಿನ ಕಡೆ ಕಲ್ಲು ಪಾಲಿಶ್ ಮಾಡುವವರಿಗೆ, ಒರೆಸಲಿಕ್ಕೆ. ಗುರುವಾರ ಮತ್ತೆ ಗಾಡಿ ಹತ್ತಿ ಸೇಡಂ. ಶುಕ್ರವಾರ ಬಸ್ಸಿನಲ್ಲಿ ಚಿಂಚೋಳಿ, ಅಲ್ಲಿಂದ ಕುಂಚಾವರಂ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಡಬ್ಬಿ, ತಂಬಿಗೆ, ಹಿಟ್ಟು ನಾದುವ ಅಗಲ ಪರಾತ, ಬೆನ್ನಿಗೆ ಗಂಟು. ಹೆಬ್ಬೆರಳಿನ ಉಂಗುರದಿಂದ ತಂಬಿಗೆಯನ್ನು ಠಣ್ ಎಂದು ಬಾರಿಸಿದರೆ ನಮ್ಮ ಓಣಿಯ ಹೆಂಗಸರೆಲ್ಲ ಒಲೆ ಮೇಲಿನದ್ದು ಒಲೆ ಮೇಲೆಯೇ ಬಿಟ್ಟು ಹೊರಗೆ ಬರುತ್ತಿದ್ದರು.

ಬಾಂಡೆ ಕೊಡುವವರು ಬೇರೆಯವರೂ ಇದ್ದರು. ಆದರೆ ಇವಳದೊಂದು ಕಟ್ಟಳೆ ಇತ್ತು. ಯಾರೇ ಆಗಲಿ, ಬಾಯಿ ಮುಚ್ಚಿಕೊಂಡು ಕೊಟ್ಟ ಅರಿಬಿಯನ್ನು ಮುಟ್ಟುತ್ತಿರಲಿಲ್ಲ. ಅರಿಬಿಯನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದು, ಅದನ್ನು ನೋಡುವುದು ಬಿಟ್ಟು ಕೊಟ್ಟವಳ ಮುಖ ನೋಡುತ್ತಾ, "ಒಂದು ಮಾತು ಅನ್ರಿ, ಆಮ್ಯಾಲ ಕೊಡ್ರಿ," ಎನ್ನುತ್ತಿದ್ದಳು. ಒಗೀತೀನಿ ಅನ್ನಲಿ, ಕಳೀತೀನಿ ಅನ್ನಲಿ, ನಂದು ಇದರದು ಮುಗೀತು ಅನ್ನಲಿ, ಏನಾದರೂ ಒಂದು ಅನ್ನಲೇಬೇಕು.

"ಬ್ಯಾಡಾದದ್ದರ ಕೂಡ ಒಂದ ಮಾತ ಹೋಗಬೇಕವ್ವಾ. ಇಲ್ಲಂದ್ರ ಅದು ಮನಿ ಬಿಟ್ಟ ಹೋಗಂಗಿಲ್ಲ. ನನ್ನ ಬೆನ್ನ ಹತ್ತತದ."

ಮೊದಮೊದಲು ನಮ್ಮ ಓಣಿಯವರು ನಕ್ಕರು. ಆಮೇಲೆ ಅದೇ ಒಂದು ಆಟವಾಯಿತು. ಎದುರು ಮನೆಯಾಕೆ ಗಂಡನ ಸಫಾರಿ ಅಂಗಿ ತಂದು "ಒಗದೀನಿ, ತಗೋ!" ಎಂದು ಕಟ್ಟೆಯಿಂದಲೇ ಎಸೆದಳು. ಒಗೆ ಎಂದರೆ ನಮ್ಮಲ್ಲಿ ಎಸೆಯುವುದೂ ಹೌದು, ಸಿಟ್ಟಿನ ಕೈಯಿಂದ ಎಸೆಯುವುದು. ಅಂಗಿಯ ಒಂದು ಗುಂಡಿಯೂ ಹೋಗಿರಲಿಲ್ಲ. ಬಾಂಡೇದಾಕಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:

"ಒಗದೀನಿ ಅಂದವರ ಅರಿಬಿ ಭಾಳ ಗಟ್ಟಿ ಇರತಾವ. ಕೊಡತೀನಿ ಅಂದವರದು ಚಿಂದಿ. ದಾನ ಮಾಡತೀನಿ ಅಂದ್ರಂತೂ ಮುಟ್ಟಬ್ಯಾಡ, ಇಲಿ ತಿಂದಿರತದ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಸಫಾರಿ ಅಂಗಿಯನ್ನು ಅವಳು ಆ ವಾರ ಮಾರಲಿಲ್ಲ. ಮುಂದಿನ ಸೋಮವಾರ ಎದುರು ಮನೆಯಾಕೆ ಮುಖ ಕೆಳಗೆ ಹಾಕಿಕೊಂಡು ಬಂದಳು, ಅಂಗಿ ಗಂಟಿನ ಮೇಲೆಯೇ ಇತ್ತು. "ಒಗದದ್ದು ಎಂಟ ದಿನ ಇಡಬೇಕು," ಎಂದು ಬಾಂಡೇದಾಕಿ ಅಂಗಿ ಕೊಟ್ಟು ತನ್ನ ತಂಬಿಗೆಯನ್ನು ವಾಪಸ್ ಬುಟ್ಟಿಗೆ ಹಾಕಿಕೊಂಡಳು.

ಅವಳ ಗಂಡ ಅವಳನ್ನು ಬಿಟ್ಟಿದ್ದಾನೆ ಎಂದು ಊರೆಲ್ಲ ಹೇಳುತ್ತಿತ್ತು. ನಮ್ಮವ್ವನೂ ಒಂದು ದಿನ ಬಾಯಿ ತಪ್ಪಿ ಅವಳ ಎದುರಿಗೇ ಅಂದಳು. ಬಾಂಡೇದಾಕಿಗೆ ಸಿಟ್ಟು ಬರಲಿಲ್ಲ. ಎದ್ದು ನಿಂತು ಸೆರಗನ್ನು ಫಟ್ ಫಟ್ ಎಂದು ಎರಡು ಸಲ ಕೊಡವಿದಳು. ಶಹಾಬಾದಿನ ಕಲ್ಲುಪುಡಿ ಬೆಳ್ಳಗೆ ಹಾರಿತು. "ಅಂವ ಬಿಟ್ಟಿಲ್ಲವ್ವಾ. ನಾ ಕೊಡವೀನಿ, ಹಿಂಗ." ಮತ್ತೆ ಕೂತು ಚಹಾ ಕುಡಿದಳು. ಆ ಕೊಡವುವಿಕೆಯನ್ನು ನೋಡಿದ ದಿನವೇ ನನ್ನ ತಲೆಗೆ ಹುಳ ಹೊಕ್ಕಿತು.

ಆಗ ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಕಿರುಪ್ರಬಂಧ ಬರೆಯಬೇಕಿತ್ತು. ಬೇಡವಾದದ್ದನ್ನು ನೀಗಿಕೊಳ್ಳಲು ನಮ್ಮ ಆರು ಊರಿನ ಜನ ಬಳಸುವ ಕ್ರಿಯಾಪದಗಳು, ಇದೇ ನನ್ನ ವಿಷಯ ಎಂದೆ. ಮಾರ್ಗದರ್ಶಕರು ಕನ್ನಡಕ ತೆಗೆದು ನೋಡಿದರು. "ಎಸೆ, ಬಿಸಾಡು, ಚೆಲ್ಲು. ಆಮೇಲೆ?" ಎಂದರು. ಆಮೇಲೆ ಏನು ಎಂದು ತೋರಿಸುತ್ತೇನೆ ಇರಿ ಎಂದು ಒಂದು ದಪ್ಪ ನೋಟ್‌ಬುಕ್ ಕೊಂಡೆ. ಒಂದು ವರ್ಷ ಓಡಾಡಿದೆ. ಊರೂರು ತಿರುಗಿ, ಕಟ್ಟೆಯ ಮೇಲೆ ಕೂತು, ಪೆನ್ನು ಹಿಡಿದು, "ನೀವು ಇದಕ್ಕೆ ಏನು ಅನ್ನುತ್ತೀರಿ?" ಎಂದು ಕೇಳಿದೆ. ನೋಟ್‌ಬುಕ್ ತುಂಬಿತು. ಹಾಳೆಗಳ ಫೋಟೋ ತೆಗೆದಿಟ್ಟುಕೋ ಎಂದು ತಮ್ಮ ನೂರು ಸಲ ಹೇಳಿದ. ನನಗೆ ಗರ್ವ, ತೆಗೆಯಲಿಲ್ಲ.

ಒಮ್ಮೆ ಗಡುವು ಮುಗಿದು, ಕೈಕಾಲು ಹಿಡಿದು ಇನ್ನೊಂದು ಗಡುವು ಪಡೆದಿದ್ದೆ. ಅದು ತಪ್ಪಿದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಚಿತ್ತಾಪುರದಲ್ಲಿ ನನಗಾಗಿ ಕಾದಿದ್ದ ಪಾಠದ ಕೆಲಸವೂ ಇಲ್ಲ. ಹದಿನೈದು ದಿನ ಉಳಿದಿತ್ತು. ಆ ಗುರುವಾರ ಬೆಳಗ್ಗೆ ಬರೆಯಲು ಕೂತು ಕೈ ಚಾಚಿದೆ. ಕಪಾಟಿನಲ್ಲಿ ನೋಟ್‌ಬುಕ್ ಇಲ್ಲ.

ಶಹಾಬಾದಿನಲ್ಲಿ ಬೆಲೆಯುಳ್ಳ ಯಾವುದನ್ನೂ ಬಯಲಿಗೆ ಇಡುವುದಿಲ್ಲ. ಕಲ್ಲುಪುಡಿ ಎಲ್ಲದರ ಮೇಲೂ ಕೂರುತ್ತದೆ. ಹೊಲದ ಪತ್ರವಿರಲಿ, ಮದುವೆ ಫೋಟೋ ಇರಲಿ, ಹಳೇ ಮೆತ್ತನೆ ಅರಿಬಿಯಲ್ಲಿ ಸುತ್ತಿ ಗಂಟು ಹಾಕಿ ಇಡುತ್ತೇವೆ. ನಾನು ನೋಟ್‌ಬುಕ್ಕನ್ನು ಅಜ್ಜನ ಕೆಂಪು ರುಮಾಲಿನಲ್ಲಿ ಸುತ್ತಿದ್ದೆ. ದಂಡೋತಿಯಲ್ಲಿ ಹೊಲ ಮಾಡಿಕೊಂಡಿದ್ದ ಅಜ್ಜ ಮದುವೆ ಮುಂಜಿಗೆ ತಲೆಗೆ ಸುತ್ತುತ್ತಿದ್ದ ರುಮಾಲು ಅದು. ಅಜ್ಜ ಹೋದ ಮೇಲೆ ನಾನೇ ಕೇಳಿ ಇಟ್ಟುಕೊಂಡಿದ್ದೆ. ಬೆಲೆಯುಳ್ಳದ್ದೂ ಚಿಂದಿಯೂ ನಮ್ಮ ಮನೆಗಳಲ್ಲಿ ಹೊರಗಿನಿಂದ ನೋಡಿದರೆ ಒಂದೇ ತರಹ ಕಾಣುತ್ತವೆ. ಈ ತಪ್ಪು ನಮ್ಮೂರಲ್ಲಿ ಮಾತ್ರ ಆಗಲು ಸಾಧ್ಯ.

"ಆ ರುಮಾಲಿನ ಗಂಟೇನು?" ಎಂದಳು ಅವ್ವ. "ಚಿಂದಿ ಅನಕೊಂಡೆ. ಸೋಮವಾರ ಬಾಂಡೇದಾಕಿ ಬಂದಾಗ ಹಾಲು ಉಕ್ಕಾಕತ್ತಿತ್ತು, ಒಳಗಿಂದನೇ ಕೈ ಮಾಡಿ ತೋರಿಸಿದೆ, ಒಯ್ದಳು. ಡಬ್ಬಿ ನೋಡು, ಮುಚ್ಚಳ ಎಷ್ಟು ಬಿಗಿ ಅದ."

ಒಂದು ವರ್ಷದ ನನ್ನ ದುಡಿಮೆ ಬಿಗಿ ಮುಚ್ಚಳದ ಡಬ್ಬಿಯಾಗಿ ಅಡುಗೆಮನೆಯಲ್ಲಿ ಕೂತಿತ್ತು. ಎಸೆಯುವ ಮಾತುಗಳನ್ನೆಲ್ಲ ಯಾರೋ ಎಸೆದುಬಿಟ್ಟಿದ್ದರು! ಅಳಬೇಕೋ ನಗಬೇಕೋ ತಿಳಿಯದೆ ಚಪ್ಪಲಿ ಹಾಕಿಕೊಂಡು ಸ್ಟೇಷನ್ನಿಗೆ ಓಡಿದೆ. ಗುರುವಾರ ಎಂದರೆ ಸೇಡಂ.

ಸೇಡಂನಲ್ಲಿ ಮೂರು ಓಣಿ ಸುತ್ತಿದ ಮೇಲೆ ಠಣ್ ಸದ್ದು ಕೇಳಿಸಿತು. ಬೇವಿನ ಮರದ ಕೆಳಗೆ ಕೂತಿದ್ದಳು. ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ಅವಳ ಕೈಯಲ್ಲಿದ್ದ ಪರಾತ ನಿಧಾನವಾಗಿ ಕೆಳಗಿಳಿಯಿತು.

"ನಿಮ್ಮವ್ವ ಅವತ್ತ ಏನಂದಿದ್ದಳು?" ಎಂದು ಕೇಳಿದಳು.

"ಅವ್ವ ಏನಂದಳೋ ಯಾರಿಗೆ ಗೊತ್ತು? ನನ್ನ ಪುಸ್ತಕ ಎಲ್ಲದ ಹೇಳು!"

ಅವಳು ತಲೆ ತಗ್ಗಿಸಿದಳು. ಬುಧವಾರ ಗಂಟು ಬಿಚ್ಚಿದ್ದಳು. ರುಮಾಲು ಚಿಂದಿಯ ಮೂಟೆಯಲ್ಲಿ ರಾವೂರಿಗೆ ಹೋಗಿತ್ತು. ಬರೆದು ಮುಗಿಸಿದ ಸಾಲಿ ಪುಸ್ತಕ ಎಂದುಕೊಂಡು ನೋಟ್‌ಬುಕ್ಕನ್ನು ಪಕ್ಕದ ಮನೆಯವಳಿಗೆ ಕೊಟ್ಟಿದ್ದಳು. ಪಕ್ಕದ ಮನೆಯವಳು ವಾಡಿ ಸ್ಟೇಷನ್ನಿನ ಹೊರಗೆ ಮಿರ್ಚಿ ಭಜಿ ಮಾರುತ್ತಿದ್ದಳು. ಒಂದು ಪ್ಲೇಟಿಗೆ ಒಂದು ಹಾಳೆ.

ಇಬ್ಬರೂ ವಾಡಿಗೆ ಧಾವಿಸಿದೆವು. ಭಜಿಯ ಗಾಡಿಯಲ್ಲಿ ಉಳಿದಿದ್ದದ್ದು ರಟ್ಟು ಮತ್ತು ಏಳು ಹಾಳೆ, ಅದರಲ್ಲೂ ಎರಡರ ಮೇಲೆ ಎಣ್ಣೆ. ವಾಡಿ ಅಂದರೆ ಜಂಕ್ಷನ್ನು. ನನ್ನ ಕ್ರಿಯಾಪದಗಳು ಮುಂಬೈ ಕಡೆಗೆ ಕೆಲವು, ಹೈದರಾಬಾದ್ ಕಡೆಗೆ ಕೆಲವು, ಖಾರದ ಕೈಗಳನ್ನು ಒರೆಸುತ್ತಾ ಹೊರಟುಹೋಗಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ತುತ್ತು ಊರಿನವರ ಬಾಯಿಗೆಲ್ಲ ಬಂದಿತ್ತು. ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಬಾಂಡೇದಾಕಿ ಸಮಾಧಾನ ಮಾಡಲಿಲ್ಲ. "ಪುಸ್ತಕ ಹೋತಂದ್ರ ಮಾತ ಹೋತೇನು? ಮಾತ ಮನಿಮನ್ಯಾಗ ಇರತಾವ. ಏಳು, ನಾಳಿಂದ ನನ್ನ ಕೂಡ ಬಾ," ಎಂದಳು. "ಪೆನ್ನು ತರಬ್ಯಾಡ."

"ಪೆನ್ನಿಲ್ಲದೆ ಹೆಂಗ?"

"ಪೆನ್ನ ಕಂಡ್ರ ಮಂದಿ ಸಾಲಿ ಮಾತಾಡತಾರ. ನೀ ಬುಟ್ಟಿ ಹೊರು."

ಎಂಟು ದಿನ ಅವಳ ಬುಟ್ಟಿ ನನ್ನ ತಲೆಯ ಮೇಲಿತ್ತು. ಕುತ್ತಿಗೆ ಉಳುಕಿತು, ನೆತ್ತಿ ಉರಿಯಿತು, ಶುಕ್ರವಾರದ ಬಸ್ಸಿನಲ್ಲಿ ಪರಾತ ಉರುಳಿ ಕಂಡಕ್ಟರನ ಕಾಲ ಮೇಲೆ ಬಿತ್ತು. ಆದರೆ ಏನು ಮಾತುಗಳು! ಒಂದು ವರ್ಷ ಕಟ್ಟೆಯ ಮೇಲೆ ಕೂತು ಕೇಳಿದಾಗ "ತ್ಯಜಿಸುತ್ತೇವೆ" ಎಂದು ನನಗೆ ಬರೆಸಿದ್ದ ಚಿಂಚೋಳಿಯ ಅದೇ ಹೆಂಗಸು, ತಂಬಿಗೆಯ ಆಸೆಗೆ ಬಾಗಿಲಿಗೆ ಓಡಿ ಬಂದು, "ಈ ದರಿದ್ರ ಚಾದರ ಯಾವಾಗ ಸಾಗಹಾಕಲಿ ಅಂತ ಕಾಯಾಕತ್ತಿದ್ದೆ," ಎಂದಳು. ಸಾಗಹಾಕುವುದು ಎಂದರೆ ಏಳದೇ ಕೂತ ನೆಂಟರನ್ನು, ಮುಗುಳುನಗುತ್ತಲೇ. ಚಾದರವೂ ಅವಳಿಗೆ ಅಂಥ ನೆಂಟನೇ ಆಗಿತ್ತು. ಬುಟ್ಟಿ ಹೊತ್ತುಕೊಂಡೇ ಕುಣಿಯಬೇಕು ಅನ್ನಿಸಿತು. ಕುಂಚಾವರಂನ ಒಂದು ಗುಡಿಸಲಿನಲ್ಲಿ ಮುದುಕಿಯೊಬ್ಬಳು ಅರ್ಧ ತೆಲುಗಿನಲ್ಲಿ "ಪಾರೇಸಿನ, ತಗೋ," ಎಂದು ಕಂಬಳಿಯ ತುಂಡು ಮುಂದೆ ಚಾಚಿದಳು. ಎಸೆದೆ ಎಂದರ್ಥ. ಮಾತು ಎಸೆದಿತ್ತು, ಕೈ ಮಾತ್ರ ತುಂಡನ್ನು ಬಿಡಲೇ ಇಲ್ಲ. ಬಾಂಡೇದಾಕಿ ಅದನ್ನು ಮಡಚಿ ಅವಳ ಮಡಿಲಲ್ಲೇ ಇಟ್ಟು ಬಂದಳು.

ಚಿತ್ತಾಪುರದಲ್ಲಿ ಯಾವುದೋ ಕಚೇರಿಯ ನಿವೃತ್ತ ಗುಮಾಸ್ತರೊಬ್ಬರು ಪ್ಯಾಂಟುಗಳ ಕಟ್ಟು ಹೊರಗಿಟ್ಟು, "ಇವನ್ನೆಲ್ಲ ವಿಲೇವಾರಿ ಮಾಡಬೇಕಾಗಿದೆ," ಎಂದರು.

"ಸಾಹೇಬ್ರ, ಆ ಮಾತಿಗಿ ನನ್ನ ಹತ್ತರ ಬಾಂಡೆ ಇಲ್ರಿ," ಎಂದಳು ಬಾಂಡೇದಾಕಿ. "ವಿಲೇವಾರಿ ಅಂದದ್ದು ಎಲ್ಲೂ ಹೋಗಂಗಿಲ್ಲ. ಅಲ್ಲೇ ಕುಂತಿರತದ. ಮನೀ ಮಾತ ಅನ್ರಿ." ಗುಮಾಸ್ತರು ತಬ್ಬಿಬ್ಬಾದರು. ಒಳಗಿನಿಂದ ಹೆಂಡತಿ ಕೂಗಿದರು: "ಖಾಲಿ ಮಾಡತೀವಿ ಅನ್ರಿ, ಕಪಾಟ ತುಂಬಿಬಿಟ್ಟದ!"

ದಂಡೋತಿಯ ಒಬ್ಬಾಕೆಗೆ ನಾನೇ ಅವಸರ ಮಾಡಿ, "ಚೆಲ್ಲಿಬಿಡ್ರಿ ಅತ್ಲಾಗ," ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಚೆಲ್ಲೋದು ನೀರಿಗಿ, ಬೂದಿಗಿ. ಎಳ್ಳಮಾಸಿಗಿ ಹೊಲದಾಗ ಎಡಿ ಅನ್ನದ ಚರಗ ಚೆಲ್ಲತೀವಿ, ಭೂಮಿತಾಯಿ ತಿರುಗಿ ಕೊಡಲಿ ಅಂತ. ಈ ಹರಕ ಲಂಗ ತಿರುಗಿ ಬಂದ್ರ ಏನ ಮಾಡಲಿ?" ಅಲ್ಲೇ ಕಾಗಿಣಾ ಹೊಳೆಯ ದಂಡೆಯಲ್ಲಿ ಇನ್ನೊಬ್ಬಾಕೆ ಹಳೇ ದೇವರ ಪಟ ಹಿಡಿದು ನಿಂತಿದ್ದಳು. ಪಟವನ್ನು ಒಗೆಯುವುದಿಲ್ಲ, ಕಳೆಯುವುದಿಲ್ಲ, ಹೊಳೆಗೆ ಬಿಡುತ್ತಾರೆ. ಆ ದಿನ ನನ್ನ ತಲೆಯೊಳಗೆ ದೀಪದ ಮೇಲೆ ದೀಪ ಹತ್ತಿದಂತಾಯಿತು.

ಸೇಡಂನ ಮನೆಯೊಂದರ ಮಾತು ಬೇರೆ. ಅಲ್ಲಿಯ ಸೊಸೆ ತೀರಿಹೋದ ಅತ್ತೆಯ ಇಲಕಲ್ ಸೀರೆ ತಂದು, "ನೀಗಿತು ಅಂತ ತಿಳಿ," ಎಂದಳು. ಬಾಂಡೇದಾಕಿ ಸೀರೆಯನ್ನು ಬಿಸಿಲಿಗೆ ಹಿಡಿಯಲಿಲ್ಲ.

"ನೀಗೋದು ಪೀಡಾ, ಕಾಟ. ಅತ್ತಿಗಿ ಹಂಗಂತಾರೇನು? ಬ್ಯಾರೆ ಮಾತ ಅನ್ನು."

ಸೊಸೆ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಜೋರಾಗಿ ಅಳತೊಡಗಿದಳು. ಸೀರೆ ಕಸಿದುಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. "ಹೋತು, ಇವತ್ತಿನ ವ್ಯಾಪಾರ ಎಕ್ಕುಟ್ಟಿ ಹೋತು!" ಎಂದು ಬಾಂಡೇದಾಕಿ ಖುಷಿಯಿಂದ ನಗುತ್ತಾ ನನ್ನ ಬೆನ್ನಿಗೆ ಹೊಡೆದಳು. ಇಂಥ ವ್ಯಾಪಾರಗಾರ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪ್ರತಿ ದಿನ ಹಿಂದಿರುಗುವ ಗಾಡಿಯಲ್ಲಿ, ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು, ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ನಾನು ಮರೆತದ್ದನ್ನು ಅವಳು ಅರಿಬಿಯ ಬಣ್ಣದಿಂದ ನೆನಪಿಸುತ್ತಿದ್ದಳು: "ಹಸರು ಕುಬಸದಾಕಿ ಕಿತ್ತಿ ಒಗದೆ ಅಂದಳು. ಬಿಳಿ ಧೋತರದಂವ ಏನಂದ? ಕೈ ತೊಳಕೊಂಡೆ ಅಂದ ನೋಡು." ಎಂಟನೆಯ ದಿನ ಭಜಿಯ ಗಾಡಿಯಲ್ಲಿ ಉಳಿದಿದ್ದ ಆ ಏಳು ಹಾಳೆಗಳನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಹಳೆಯ ಹಾಳೆಗಳು ಸತ್ತಂತಿದ್ದವು. ಯಾರು, ಯಾವುದನ್ನು, ಯಾವ ಮುಖ ಮಾಡಿಕೊಂಡು ಎಂಬುದು ಅದರಲ್ಲಿ ಇರಲೇ ಇಲ್ಲ. ನಾಚಿಕೆಯಾಯಿತು. ಭಜಿಗೆ ಹೋದದ್ದೇ ಒಳ್ಳೆಯದಾಯಿತು ಎಂದು ಮೊದಲ ಸಲ ಅನ್ನಿಸಿತು.

ಉಳಿದ ದಿನಗಳಲ್ಲಿ ಊಟ ನಿದ್ದೆ ಬಿಟ್ಟು ಬರೆದೆ. ಗಡುವಿನ ದಿನವೇ ಪ್ರಬಂಧ ಒಪ್ಪಿಸಿದೆ. ಮಾರ್ಗದರ್ಶಕರು ಸೇಡಂನ ಸೊಸೆಯ ಪುಟದ ಹತ್ತಿರ ನಿಂತರು, ಕನ್ನಡಕ ತೆಗೆದರು. ಪದವಿ ಬಂತು, ಕೆಲಸವೂ ಬಂತು. ಬೈಂಡು ಮಾಡಿಸಿದ ಒಂದು ಪ್ರತಿಯನ್ನು ಬಾಂಡೇದಾಕಿಗೆ ಕೊಟ್ಟೆ. ಓದು ಬರದ ಅವಳು ಕೈಯಲ್ಲಿ ತೂಗಿ ನೋಡಿ, "ಒಂದ ದೊಡ್ಡ ಪರಾತ ಬರತದ ಇದಕ್ಕ," ಎಂದಿದ್ದಳು. ಆಮೇಲೆ ಎಷ್ಟೋ ವರ್ಷ ಸೋಮವಾರಗಳು ಬಂದವು, ಹೋದವು. ನಾನು ಚಿತ್ತಾಪುರದವಳಾದೆ, ಮಂಗಳವಾರ ಅವಳು ಅಲ್ಲಿಗೆ ಬರುವ ಹೊತ್ತಿಗೆ ಕಾಲೇಜಿನಲ್ಲಿರುತ್ತಿದ್ದೆ. ಅವಳ ನೆನಪಾದಾಗೆಲ್ಲ ಹೋಗಬೇಕು ಅಂದುಕೊಳ್ಳುತ್ತಿದ್ದೆ, ಹೋಗುತ್ತಿರಲಿಲ್ಲ.

ವಾಡಿಯಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಅವಳ ಮನೆ ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದೇ, "ಬುಟ್ಟಿ ಬಿಟ್ಟಿಯೋ, ಇಳಸಿದಿಯೋ?"

"ಇಳಸೀನಿ!" ಎಂದಳು ಒಳಗಿನಿಂದಲೇ, ನಿನ್ನೆ ತಾನೇ ಮಾತು ನಿಲ್ಲಿಸಿದಂತೆ. "ಬಿಡಲಾಕ ನನಗೇನ ಹುಚ್ಚ ಹಿಡದದೇನು? ಮೊಣಕಾಲ ಒಲ್ಲೆ ಅಂತಾವ. ಸೊಸಿ ಹೊತ್ತಾಳ ಈಗ. ಒಳಗ ಬಾ, ಕುಂದ್ರು."

ಕೂದಲೆಲ್ಲ ಬೆಳ್ಳಗಾಗಿತ್ತು, ಉಂಗುರ ಹಾಗೇ ಇತ್ತು. ಮಂದಿ ಬೇಡವೆಂದ ಒಂದು ಚೂರೂ ತನ್ನ ಮನೆಯಲ್ಲಿ ಉಳಿಯಬಾರದು ಎಂಬುದು ಅವಳ ಇನ್ನೊಂದು ಕಟ್ಟಳೆ. ಗೋಡೆಗಳು ಬೋಳು, ನೆಲ ಕನ್ನಡಿ. ಮೂಲೆಯ ಕಲ್ಲಿನ ಹಲಗೆಯ ಮೇಲೆ ಮಾತ್ರ ಒಂದು ಕೆಂಪು ಗಂಟು ಇತ್ತು.

ಅಜ್ಜನ ರುಮಾಲು.

"ರಾವೂರಿಗೆ ಹೋಗಿತ್ತಲ್ಲ ಇದು!"

"ಹೋಗಿತ್ತು. ನೀ ಸೇಡಮ್ಮಿಗಿ ಬಂದ ಮರದಿನ ಮುಂಜಾನಿ, ನೀ ವಾಡಿಗಿ ಬರೋಕಿಂತ ಮೊದಲೇ ಹೋಗಿ ಮೂಟಿ ಬಿಚ್ಚಸಿ ತಂದೆ. ಅಷ್ಟರಾಗ ಒಂದ ಕಲ್ಲ ಒರಸಿದ್ರು. ಎಷ್ಟ ತೊಳದ್ರೂ ಆ ಬಿಳಿ ಹೋಗವಲ್ದು." ಗಂಟು ಬಿಚ್ಚಿದಳು. ಒಳಗೆ ನನ್ನ ಪ್ರಬಂಧ, ಒಂದು ಕಣ ಕಲ್ಲುಪುಡಿಯೂ ಸೋಂಕದೆ ಇತ್ತು. "ಆವಾಗ ಕೊಡಲಾಕ ಮುಖ ಇರಲಿಲ್ಲ. ನನ್ನ ಕೈಲೆ ಅದೊಂದೇ ತಪ್ಪಾಗ್ಯಾದ. ಅವತ್ತ ನಿಮ್ಮವ್ವ ಒಳಗಿಂದ ಕೈ ಮಾಡಿದಳು, ಬಾಯಿಲೆ ಏನೂ ಅನಲಿಲ್ಲ. ನಂಗ ಗಾಡಿಗಿ ಹೊತ್ತಾಗಿತ್ತು. ಕೇಳದ ಒಯ್ದೆ. ಮಾತಿಲ್ಲದ ಕೊಟ್ಟದ್ದು ಕೊಟ್ಟಂಗ ಅಲ್ಲ."

ಎಂಟು ದಿನ ವ್ಯಾಪಾರ ಹಾಳು ಮಾಡಿಕೊಂಡು ನನ್ನನ್ನು ಕರೆದುಕೊಂಡು ಸುತ್ತಿದ್ದು ಕರುಣೆಯಿಂದ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಕೇಳದೆ ಒಯ್ದದ್ದರ ಋಣ, ನನ್ನ ಗಡುವಿಗಿಂತ ದೊಡ್ಡದು, ಅವಳ ತಲೆಯ ಮೇಲಿತ್ತು.

ಅವಳು ರುಮಾಲನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು. ಎದುರಿಗೆ ನೆಟ್ಟಗೆ ಕೂತು, ರುಮಾಲನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಾ ಕೈ ಚಾಚಿದಳು.

"ಈಗರೆ ಅನ್ನು. ಒಂದು ಮಾತು ಅನ್ನು, ಆಮ್ಯಾಲ ಕೊಡು. ಲೆಕ್ಕ ಬರೋಬ್ಬರಿ ಆಗತದ."

ನಾನು ಬಾಯಿ ತೆರೆದೆ. ಆರು ಊರುಗಳ ಮಾತುಗಳು, ಒಂದು ಪುಸ್ತಕ ತುಂಬ ನಾನೇ ಬರೆದವು, ಒಂದಾದರೂ ನಾಲಿಗೆಗೆ ಬರಲಿಲ್ಲ. ಬಿಳಿ ಹತ್ತಿದ ಆ ಕೆಂಪು ರುಮಾಲನ್ನು ಎದೆಗೊತ್ತಿಕೊಂಡೆ.

"ಬರವಲ್ದು?" ಎಂದಳು ಬಾಂಡೇದಾಕಿ. ಉಂಗುರದಿಂದ ಪಕ್ಕದ ತಂಬಿಗೆಯನ್ನು ಠಣ್ ಎಂದು ಬಾರಿಸಿ ಮನೆ ತುಂಬ ನಕ್ಕಳು. "ಹಂಗಾರ ಇದು ನಿಂದೇ. ತಗೊಂಡು ನಡಿ."